ಎದುರು ಪಂಕ್ತಿಯ ಸಾರಿನ ಸದ್ದು

ಕಿವಿಗೆ ಶ್ರವಣ ಸಾಧನ ಹಾಕಿಸಿಕೊಂಡವನಿಗೆ ಬಂಧುಬಳಗ ಕೊಡುವ ರಿಯಾಯಿತಿ ಒಂದೇ ವಾರದ್ದು. ಆಮೇಲೆ “ಮಷೀನ್ ಇದೆಯಲ್ಲ, ಇನ್ನೂ ಯಾಕೆ ಕೇಳಿಸುವುದಿಲ್ಲ?” ಎಂಬ ತನಿಖೆ ಶುರು. ಕನ್ನಡಕ ಹಾಕಿದರೆ ಅಕ್ಷರ ಕಾಣುವ ಹಾಗೆ, ಇದನ್ನು ಹಾಕಿದರೆ ಮಾತು ಕೇಳಲೇಬೇಕು ಎನ್ನುವುದು ಅವರ ಲೆಕ್ಕ. ಮನೆಯಲ್ಲಿ ಟಿವಿ ಆರಿಸಿ, ಒಬ್ಬರೇ ಎದುರಿಗೆ ಕುಳಿತು ಮಾತನಾಡಿದರೆ ಆ ಲೆಕ್ಕ ಸರಿಯೇ. ಮೊಮ್ಮಗಳ ಪಿಸುಮಾತೂ ಕೇಳಿಸುತ್ತದೆ. ಮರೆತೇ ಹೋಗಿದ್ದ ಹಲ್ಲಿಯ ಲೊಚಗುಟ್ಟುವಿಕೆಯೂ ವಾಪಸು ಬಂದಿದೆ.

ಕಲ್ಯಾಣ ಮಂಟಪದಲ್ಲಿ ಮಾತ್ರ ಈ ಲೆಕ್ಕ ನಡೆಯುವುದಿಲ್ಲ. ಅದನ್ನು ಕಟ್ಟಿಸುವವರಿಗೆ ಮನುಷ್ಯರ ಕಿವಿಯ ಮೇಲೆ ಏನು ಹಗೆಯೋ! ನೆಲಕ್ಕೆ ಗ್ರಾನೈಟ್, ಗೋಡೆಗೆ ಟೈಲ್ಸ್, ಊಟದ ಮನೆಗೆ ತಗಡಿನ ಮಾಡು. ಬಿದ್ದ ಸೌಟಿನ ಸದ್ದು ಗೋಡೆಯಿಂದ ಗೋಡೆಗೆ ಬಡಿದು, ಇನ್ನೊಂದು ಸೌಟು ಬೀಳುವವರೆಗೂ ಅಲ್ಲೇ ಸುತ್ತುತ್ತಿರುತ್ತದೆ. ಜೊತೆಗೆ ವಾಲಗ. ವಾಲಗಕ್ಕಿಂತ ಜೋರಾಗಿ ಮಾತನಾಡಲು ಎಲ್ಲರೂ ದನಿ ಏರಿಸುತ್ತಾರೆ, ಆ ಗದ್ದಲವನ್ನು ಮೀರಿಸಲು ಡೋಲಿನವರು ಹುರುಪೇರುತ್ತಾರೆ. ನನ್ನ ಯಂತ್ರ ಇದೆಲ್ಲವನ್ನೂ ಭೇದಭಾವವಿಲ್ಲದೆ ಹಿಗ್ಗಿಸಿ ಒಳಗೆ ಬಿಡುತ್ತದೆ.

ವಯಸ್ಸಾದ ಕಿವಿ ಮೊದಲು ಕಳೆದುಕೊಳ್ಳುವುದು ಕೀಚಲು ಸದ್ದುಗಳನ್ನು. ಸ್ವರಗಳಿಗೆ ಕಸುವು ಹೆಚ್ಚು, ಹೇಗೋ ಬಂದು ತಲುಪುತ್ತವೆ. ಸ, ಶ, ತ, ಕ ಮುಂತಾದ ವ್ಯಂಜನಗಳು ಬಡಕಲು ಜೀವಗಳು, ಗದ್ದಲದಲ್ಲಿ ಮೊದಲು ಮುಳುಗುವುವು ಅವೇ. ಬೀಗರ ಕಡೆಯ ಹಿರಿಯರೊಬ್ಬರು ಊಟದ ನಡುವೆ “ಸಾರು ಹೇಗಿದೆ?” ಎಂದು ಕೇಳಿದರು. “ಬ್ರೇಕು ಸ್ವಲ್ಪ ಸಡಿಲ, ನಿಲ್ಲುವುದಿಲ್ಲ” ಎಂದೆ. ಅವರು ಕೈಯಲ್ಲಿದ್ದ ತುತ್ತನ್ನು ಎಲೆಗೆ ಇಳಿಸಿಬಿಟ್ಟರು.

ಶ್ರವಣ ತಜ್ಞೆಯ ಬಳಿ ದೂರು ಕೊಂಡೊಯ್ದೆ. ಸಾಧನದಲ್ಲಿ ಎರಡು ಮೈಕುಗಳಿವೆಯಂತೆ. ಅವು ಸೇರಿಕೊಂಡು ಮುಂದಿನಿಂದ ಬರುವ ಸದ್ದಿಗೆ ಮಣೆ ಹಾಕಿ, ಹಿಂದಿನ ಮತ್ತು ಪಕ್ಕದ ಸದ್ದನ್ನು ತಗ್ಗಿಸುತ್ತವೆಯಂತೆ. ಮಾತನಾಡುವವರು ಹತ್ತಿರ, ಎದುರಿಗೆ ಇದ್ದರೆ ನಿಜಕ್ಕೂ ಪ್ರಯೋಜನ. ಮಾರ್ದನಿ ಹೆಚ್ಚಿರುವ ಕಡೆ ಕಡಿಮೆ. ಸರಿ, ಆದರೆ ಈ ಏರ್ಪಾಡು ಮಾಡಿದವರು ಪಂಕ್ತಿಯಲ್ಲಿ ಕುಳಿತು ಉಂಡವರಲ್ಲ. ಪಂಕ್ತಿಯಲ್ಲಿ ನಮ್ಮೊಡನೆ ಮಾತನಾಡುವವರು ಪಕ್ಕದವರು. ಮುಂದಿರುವವರು ಎದುರು ಸಾಲಿನ ಅಪರಿಚಿತರು. ಹೀಗಾಗಿ ಸ್ವಂತ ಭಾವಮೈದುನನ ಕಷ್ಟಸುಖ ನನಗೆ ತಲುಪದೆ, ಯಾರೋ ಮಹಾನುಭಾವರು ಸಾರನ್ನು ಸೊರ್ರನೆ ಎಳೆಯುವ ಸದ್ದು ಕಿವಿಯೊಳಗೇ ನಡೆಯುತ್ತದೆ.

ಗದ್ದಲದ ನಡುವೆ ಒಂದೇ ದನಿಯನ್ನು ಕಿವಿ ಹೇಗೆ ಹೆಕ್ಕುತ್ತದೆ ಎಂಬುದನ್ನು 1953ರಲ್ಲಿ ಕಾಲಿನ್ ಚೆರ್ರಿ ಎಂಬ ವಿಜ್ಞಾನಿ ಕೆದಕಿದರು. ಅದಕ್ಕೆ ಕಾಕ್‌ಟೇಲ್ ಪಾರ್ಟಿಯ ಸಮಸ್ಯೆ ಎಂದು ಹೆಸರು. ಪಾಪ, ಅವರು ನಮ್ಮ ಬೀಗರ ಔತಣ ನೋಡಿರಲಿಲ್ಲ.

ಕೊನೆಗೆ ಮಗ ಬೆರಳುದ್ದದ ಒಂದು ಮೈಕು ತಂದುಕೊಟ್ಟ. ಮಾತನಾಡುವವರು ಅದನ್ನು ಉಡುಪಿಗೆ ಸಿಕ್ಕಿಸಿಕೊಂಡರೆ, ಅವರ ದನಿ ಗದ್ದಲವನ್ನು ದಾಟಿ ನೇರ ನನ್ನ ಕಿವಿಗೆ. ನಾನು ಕಂಡ ಉಪಾಯಗಳಲ್ಲಿ ನಿಜವಾಗಿ ಕೆಲಸ ಮಾಡಿದ್ದು ಇದೊಂದೇ. ಮುಂದಿನ ಮದುವೆಯಲ್ಲಿ ಹೆಂಡತಿ ಅದನ್ನು ಸೀರೆಯ ಸೆರಗಿಗೆ ಸಿಕ್ಕಿಸಿಕೊಂಡಳು. ಎರಡು ಮಾತನಾಡಿದಳು, ತಂಗಿ ಕಂಡಳೆಂದು ಎದ್ದು ಹೋದಳು. ಮೈಕೂ ಹೋಯಿತು.

ಪಕ್ಕದ ಕುರ್ಚಿಯವರ ಮಾತಿಗೆ ಸುಮ್ಮನೆ ತಲೆಯಾಡಿಸುತ್ತಾ, ಕಂಬದಾಚೆಯ ಸಂಭಾಷಣೆಯನ್ನು ಆಕಾಶವಾಣಿಯಷ್ಟು ಸ್ಪಷ್ಟವಾಗಿ ಕೇಳಿದೆ. ವಧುವಿನ ಸೋದರತ್ತೆಯ ಬಳೆ ಒಂದು ಗ್ರಾಂ ಚಿನ್ನದ್ದು. ನನ್ನ ಕಿವಿಗಿಂತ ನನ್ನ ಗಮನದ್ದೇ ಹೆಚ್ಚಿನ ದೋಷವಂತೆ. ಜಹಾಂಗೀರು ಎರಡನೆಯ ಪಂಕ್ತಿಗೆ ಸಾಲುವುದಿಲ್ಲವಂತೆ, ಅಡುಗೆಯವರೇ ಹೇಳಿದರು. ನಾನು ಎದ್ದು ಮೊದಲ ಪಂಕ್ತಿಗೆ ನಡೆದೆ.

ಊಟ ಮುಗಿಸಿ ಬಂದಾಗ ಅವಳು ಕೇಳಿದಳು: “ರೀ, ಮೈಕು ಉಪಯೋಗಕ್ಕೆ ಬಂತೇ?”

“ಜಹಾಂಗೀರು ಬಹಳ ಚೆನ್ನಾಗಿತ್ತು” ಎಂದೆ.

ಅವಳು ನಿಟ್ಟುಸಿರುಬಿಟ್ಟು ಆ ಕಡೆ ತಿರುಗಿ ತಂಗಿಯ ಕಿವಿಯಲ್ಲಿ “ಬ್ಯಾಟರಿ ಮುಗಿದಿರಬೇಕು” ಎಂದು ಪಿಸುಗುಟ್ಟಿದ್ದು ನನಗೆ ಅಕ್ಷರ ಅಕ್ಷರವೂ ಕೇಳಿಸಿತು.