ಮ್ಯಾಲ ಬಾಡಗಿಯವ್ರು, ಕೆಳಗ ಮಾಲಕ್ರು

ಮ್ಯಾಲೊಂದು ಮನಿ ಎಬ್ಬಿಸಿ ಬಾಡಗಿಗೆ ಬಿಡ್ರಿ, ಕುಂತಲ್ಲೇ ರೊಕ್ಕ ಬರ್ತಾವ ಅಂತ ಹೇಳೂ ಮಂದಿ ನಮ್ಮ ವಿಜಯಪುರದಾಗ ಗಲ್ಲಿಗೊಬ್ರು ಅದಾರ. ಅವರ್ನ ಹಿಡದು ಕೇಳಿ ನೋಡ್ರಿ, ಅವರ್ಯಾರೂ ಮನಿ ಬಾಡಗಿಗೆ ಬಿಟ್ಟಿರೂದಿಲ್ಲ. ಬಿಟ್ಟವ್ರು ಹೇಳಾಕ ಸಿಗೂದಿಲ್ಲ, ಮೊಟಾರ್ ಬಂದ್ ಮಾಡಾಕ ಎದ್ದು ಹೋಗಿರ್ತಾರ.

ಮೊದಲ ಲೆಕ್ಕಾ ಹಾಕೂಣು. ಸಾಲಾ ತಗದು 18 ಲಕ್ಷದಾಗ ಎರಡು ಖೋಲಿ, ಅಡಗಿಮನಿ, ಬಚ್ಚಲಾ ಕಟ್ಟಿಸಿದ್ರಿ ಅಂತ ಹಿಡೀರಿ. ತಿಂಗಳಿಗೆ 8 ಸಾವಿರ ಬಾಡಗಿ, ವರ್ಷಕ್ಕ 96 ಸಾವಿರ, ಅಂದ್ರ ಹಾಕಿದ ರೊಕ್ಕಕ್ಕ 5 ಟಕ್ಕೆ ಮ್ಯಾಲ ಚೂರು. ಬ್ಯಾಂಕಿನವ್ರು 9 ಟಕ್ಕೆ ಹಚ್ಚಿದ್ರ ಮೊದಲನೇ ವರ್ಷದ ಬಡ್ಡಿನ 1 ಲಕ್ಷ 60 ಸಾವಿರದ ಹಂತ್ಯಾಕ ಹೋಗ್ತೈತಿ, ಅದ್ರಾಗ ಒಬ್ರು ಖಾಲಿ ಮಾಡಿ ಇನ್ನೊಬ್ರು ಬರೂತನಕ ಬಾಡಗಿ ಇಲ್ಲ, ಸುಣ್ಣಾ ಬಣ್ಣಾ ನಿಮ್ದ, ಪಾಲಿಕಿ ಕರಾನೂ ನಿಮ್ದ. ಊಟಕ್ಕ ಕುಂತಾಗ ಈ ಲೆಕ್ಕಾ ಬಿಡಿಸಿ ಹೇಳಿದ್ರ ನಮ್ಮ ಮನ್ಯಾಕಿ ರೊಟ್ಟಿ ಹಾಕ್ಕೋತ ಅಂದ್ಳು, "ಎಫ್‌ಡಿ ಇಡಬೇಕಿತ್ತು. ಎಫ್‌ಡಿ ರಾತ್ರಿ ಹನ್ನೊಂದಕ್ಕ ಬಾಗಲಾ ಬಡದು ನಳಾ ಸೋರಾಕತ್ತೈತ್ರಿ ಅಂತ ಹೇಳೂದಿಲ್ಲ." ಜಾಗಾದ ಬೆಲಿ ಏರ್ತೈತಲ್ಲ ಅಂತೀರಿ, ಖರೇ, ಆದ್ರ ಅದು ಕೈಗೆ ಬರೂದು ಮಾರಿದಾಗ, ಮಾರಾಕ ಅಪ್ಪಾರು ಬಿಡಬೇಕಲ್ಲ.

ಒಂದು ಸಮಾಧಾನ ಐತಿ. ಬಾಡಗಿ ಆದಾಯದಾಗ ನೀವು ತುಂಬಿದ ಪಾಲಿಕಿ ಕರಾ ಕಳದು, ಉಳದದ್ರಾಗ 30 ಟಕ್ಕೆ ಇನ್‌ಕಮ್ ಟ್ಯಾಕ್ಸ್‌ದಾಗ ಸುಮ್ನ ಬಿಡ್ತಾರ, ರಿಪೇರಿ ಬಿಲ್ ಕೇಳೂದಿಲ್ಲ. ಕರಾನೂ ಏಪ್ರಿಲ್‌ದಾಗ ತುಂಬಿದ್ರ 5 ಟಕ್ಕೆ ರಿಯಾಯ್ತಿ ಸಿಗ್ತೈತಿ. ಇಷ್ಟ ನೋಡ್ರಿ ಸರಳ ಇರೂದು, ಉಳದದ್ದೆಲ್ಲಾ ಮನಷ್ಯಾರ ಸಂಗಾಟ ಮಾಡೂ ಕೆಲಸ.

ಕರಾರು ಪತ್ರ ಎಲ್ಲಾರೂ 11 ತಿಂಗಳಿಗೆ ಬರಸ್ತಾರಲ್ಲ, ಅದೇನು ಪಂಚಾಂಗ ನೋಡಿ ಇಟ್ಟದ್ದಲ್ಲ. 1908ರ ರಿಜಿಸ್ಟ್ರೇಶನ್ ಕಾಯ್ದೆದಾಗ ವರ್ಷ ದಾಟಿದ ಲೀಸ್ ನೋಂದಣಿ ಆಗಬೇಕಂತೈತಿ, ಆ ಖರ್ಚು ಓಡಾಟ ಉಳಸಾಕ 11. ಆದ್ರ ನಮ್ಮನ್ಯಾಗ ಆ 11ರ ಕಾಗದಾನೂ ಆಗಲಿಲ್ಲ, ಯಾಕಂದ್ರ ಮೊದಲನೇ ಬಾಡಗಿಯವ ನಮ್ಮ ಕಾಕಾನ ಬೀಗರ ಊರಾಂವ. "ನಮ್ಮ ಹುಡುಗ ಅದಾನೊ, ಬಾಂಡ್ ಪೇಪರ್ ಹಿಡಕೊಂಡು ನಿಂತ್ರ ಏನ ತಿಳ್ಕೊಂಡಾನ?" ಅಂದ ಕಾಕಾ. ನಮ್ಮ ಕಡೆ ಮಾಲಕ್ರು ಮುಳಗೂದ ಈ ಭಿಡೇಕ್ಕ. ಆ ಹುಡುಗ ಖಾಲಿ ಮಾಡೂ ಮುಂದ ಪಡಸಾಲಿ ಫ್ಯಾನ್ ಬಿಚ್ಚಿ ಟಂಟಂದಾಗ ಹಾಕಾಕತ್ತಾನ, ಕೇಳಿದ್ರ "ಇದ ನಮ್ದರಿ" ಅಂದ. ಅವರ್ದೂ ಒಂದು ಫ್ಯಾನ್ ಇದ್ದದ್ದು ಖರೇನ, ಆದ್ರ ಯಾವ್ದು ಯಾರ್ದು ಅಂತ ಬ್ರಹ್ಮನೂ ಹೇಳಾಂಗಿಲ್ಲ. ಕಾಕಾನ್ನ ಕರಸಿದ್ರ ಎರಡೂ ಫ್ಯಾನ್ ನೋಡಿ, ಚಾ ಕುಡದು, "ಇರ್ಲಿ ಬಿಡೊ, ಗಾಳಿ ಎಲ್ಲಿದ್ರೂ ಗಾಳಿನ" ಅಂದು ಹೋದ. ಉಳದ ಫ್ಯಾನ್ ಇವತ್ತಿಗೂ ಕಿರ್ ಕಿರ್ ಅಂತೈತಿ. ಅದಕ್ಕ ಸಗಾ ಅಣ್ಣತಮ್ಮ ಬಂದ್ರೂ ಫ್ಯಾನ್, ಬಲ್ಬ್, ನಳಾ, ಕೀಲಿ ಎಲ್ಲಾದ್ರದೂ ಯಾದಿ ಮಾಡಿ ಸಹಿ ತಗೋರಿ, ಗ್ವಾಡಿಗೋಳ್ದು ಮೊಬೈಲ್‌ದಾಗ ಒಂದು ವಿಡಿಯೋ ಮಾಡಿ ಇಟ್ಕೋರಿ. ಗ್ವಾಡಿ ಯಾಕಂದ್ರ ನಮ್ದು ಎರಿ ಮಣ್ಣಿನ ಜಾಗಾ, ಮಳ್ಯಾಗ ಉಬ್ಬತೈತಿ ಬ್ಯಾಸಗ್ಯಾಗ ಬಿರೀತೈತಿ, ಅದರ ಸಂಗಾಟ ಗ್ವಾಡಿನೂ. ಆಮ್ಯಾಲ ಈ ಬಿರುಕು ಮೊದಲ ಇತ್ತೋ, ನೀವು ಮೊಳಿ ಹೊಡದಾಗ ಬಂತೋ ಅಂತ ವಾದಾ ಮಾಡ್ಕೋತ ನಿಂದರಬೇಕಾಗ್ತೈತಿ.

ಇನ್ನ ಮೀಟರ್. 2023ರಾಗ ಗೃಹಜ್ಯೋತಿ ಬಂದ ಮ್ಯಾಲ ಇದು ದೊಡ್ಡ ಕತಿ ಆಗೈತಿ. ತಿಂಗಳಿಗೆ 200 ಯುನಿಟ್ ದಾಟಿದ್ರ ಪೂರಾ ಬಿಲ್ ನೀವ ತುಂಬಬೇಕು. ಮ್ಯಾಲ ಕೆಳಗ ಎರಡೂ ಮನಿ ಒಂದ ಮೀಟರ್ ಮ್ಯಾಲ ಇದ್ರ ಮುಗೀತು, ಒಬ್ರ ಮನಿ ಕೂಲರ್ ಸಪ್ಪಳಾ ಕೇಳಿ ಇನ್ನೊಬ್ರ ನಿದ್ದಿ ಹಾರ್ತೈತಿ. ಬ್ಯಾಸಗ್ಯಾಗ ಇಲ್ಲಿ ಬಿಸಲು 40 ದಾಟ್ತೈತಿ, ಕೂಲರ್ ಹಚ್ಚಬ್ಯಾಡ್ರಿ ಅಂತ ಯಾವ ಬಾಯಿಲೆ ಹೇಳೂದು? ನಮ್ಮವ್ವ ಒಂದು ಉಪಾಯ ಹುಡುಕಿದ್ಳು. ದಿನಾ ಸಂಜಿಕೆ ಬಟ್ಟಲದಾಗ ಶೇಂಗಾ ಹಿಂಡಿ ಹಾಕ್ಕೊಂಡು "ರುಚಿ ನೋಡವಾ" ಅಂತ ಮ್ಯಾಲ ಹತ್ತೂದು, ಯಾವ ಖೋಲ್ಯಾಗ ಮಂದಿ ಇಲ್ದ ಫ್ಯಾನ್ ತಿರಗಾಕತ್ತೈತಿ ನೋಡ್ಕೊಂಡು ಬರೂದು. ಮ್ಯಾಲಿನ ಅಕ್ಕಾರೇನು ಕಡಿಮಿ ಇದ್ದಿಲ್ಲ, ಮರುದಿನ ಅದ ಬಟ್ಟಲದಾಗ ಅಗಸಿ ಹಿಂಡಿ ತಂದು ಕೊಟ್ಟು, ನಮ್ಮ ಮನಿ ಗೀಜರ್ ಎಷ್ಟೊತ್ತು ಚಾಲೂ ಇರ್ತೈತಿ ನೋಡ್ಕೊಂಡು ಹೋಗಾವ್ರು. ಬಿಲ್ ಏನೂ ಇಳೀಲಿಲ್ಲ, ಆದ್ರ ಆ ವರ್ಷ ನಮ್ಮಲ್ಲಿ ಹಿಂಡಿಗೆ ಬರ ಇದ್ದಿಲ್ಲ. ಬ್ಯಾರೆ ಮೀಟರ್ ಕೂಡಸ್ರಿ, ಎಷ್ಟ ಖರ್ಚಾದ್ರೂ ಆಗ್ಲಿ. ಬಾಡಗಿಯವ್ರಿಗೂ ಗೃಹಜ್ಯೋತಿ ಸಿಗ್ತೈತಿ, ಅವರ ಆಧಾರ್ ಆ ಮೀಟರಿನ ಆರ್‌ಆರ್ ನಂಬರಿಗೆ ಜೋಡಸಬೇಕು. ಖಾಲಿ ಮಾಡೂ ದಿನ ಅದನ್ನ ಡಿ-ಲಿಂಕ್ ಮಾಡಿಸಿದ ಮ್ಯಾಲನ ಡಿಪಾಜಿಟ್ ವಾಪಸ್ ಕೊಡ್ರಿ, ಇಲ್ಲಂದ್ರ ಅವರು ಬಾಗಲಕೋಟಿಗೆ ಹೋಗಿ ಆರಾಮ ಇರ್ತಾರ, ಅವರ ಆಧಾರ್ ನಿಮ್ಮ ಮೀಟರ್‌ದಾಗ ಬಾಡಗಿ ಇಲ್ದ ಇರ್ತೈತಿ.

ಎಷ್ಟ ಮಂದಿ ಇರಬೇಕು ಅಂತನೂ ಬರಸ್ರಿ, ಆದ್ರ ಸಂಕ್ರಮಣಕ್ಕ ಸಿದ್ಧೇಶ್ವರ ಜಾತ್ರಿ ಬಂದಾಗ ಆ ಸಾಲು ನೋಡಾಕ ಹೋಗಬ್ಯಾಡ್ರಿ. ಮದ್ದು ಸುಡೂದು ನೋಡಾಕ ಹಳ್ಳಿಂದ ಮಾವ, ಅತ್ತಿ, ಅವರ ಮಕ್ಕಳು, ಮಕ್ಕಳ ದೋಸ್ತರು ಎಲ್ಲಾ ಬಂದು ಮಾಳಗಿ ಮ್ಯಾಲ ಸಾಲಾಗಿ ಮಲಗ್ತಾರ. ನಮ್ಮ ಓಣ್ಯಾಗ ನಳದ ನೀರು ದಿನಾ ಬರೂದಿಲ್ಲ, ಮುಂಜಾನಿ ನೋಡಿದ್ರ ಟಾಕಿ ಖಡಕ್ ಒಣಗಿರ್ತೈತಿ. ಈ ಸಲ ಸ್ಪಷ್ಟ ಹೇಳೇ ಬರ್ತೀನಿ ಅಂತ ಮೆಟ್ಲ ಹತ್ತಿದೆ, ನೋಡಿದ ಕೂಡ್ಲೆ "ಬರ್ರಿ ಬರ್ರಿ ಮಾಲಕ್ರು ಬಂದ್ರು" ಅಂತ ಕುಂಡ್ರಿಸಿ, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಬದನಿಕಾಯಿ ಪಲ್ಯ, ಕೆನಿ ಮೊಸರು ಹಾಕಿದ್ರು. ತಿಂದು ಕೈ ತೊಳ್ಯಾಕ ಹೋದ್ರ ನೀರಿಲ್ಲ. "ಹೋಗೂ ಮುಂದ ಮೊಟಾರ್ ಹಚ್ಚಿ ಹೋಗ್ರಿ ಮತ್ತ" ಅಂದ್ರು. ಹಚ್ಚಿದೆ.

ಬಾಡಗಿ ಏರಸೂ ಮಾತೂ ಹಿಂಗ. ವರ್ಷಕ್ಕ 5 ಟಕ್ಕೆ ಅಂತ ಮೊದಲ ಬರಸಿದ್ರ ಬಾಯಿ ತಗ್ಯೂ ಗರಜ ಇಲ್ಲ. ಬರಸಿಲ್ಲಂದ್ರ ನೀವು ಮಾತು ತಗೀಬೇಕು ಅನ್ನೂವಷ್ಟ್ರಾಗ ಅವರು ಕೂಸಿನ ಜಾವಳಕ್ಕ ಕರ್ಯಾಕ ಬಂದು ನಿಂತಿರ್ತಾರ, ನೀವು ಬಾಡಗಿ ಏರಸೂದು ಬಿಟ್ಟು ಆಯೇರಿ ಹಾಕಿ ಬರ್ತೀರಿ.

ಈಗ ಮ್ಯಾಲಿನ ಮನಿ ಖಾಲಿ ಐತಿ, ಗೇಟಿಗೆ ಬೋರ್ಡ್ ಹಾಕೀವಿ. ನಿನ್ನೆ ಒಬ್ರು ಫೋನ್ ಮಾಡಿದ್ರು. ಬಾಡಗಿ ಒಪ್ಪಿದ್ರು, ಡಿಪಾಜಿಟ್ ಒಪ್ಪಿದ್ರು, ಕರಾರು ಪತ್ರಾನೂ ಒಪ್ಪಿದ್ರು, ಮೀಟರ್ ಬ್ಯಾರೆ ಐತಿ ಅಂದದ್ದಕ್ಕ ಭಾಳ ಖುಷಿ ಆದ್ರು.

"ಮತ್ತ ಮಾಲಕ್ರು ಎಲ್ಲಿರ್ತಾರ್ರಿ?"

"ಇಲ್ಲೇ ಕೆಳಗ್ರಿ, ನಾವ."

"ಓ... ಹಂಗಾರ ಮನ್ಯಾಗ ಕೇಳಿ ಹೇಳ್ತೀನ್ರಿ."