ಆಗಸ್ಟಿನಲ್ಲಿ ಈಶಾಡು ಕೇಳಿದ ಭಾವ

ಹೋದ ವರ್ಷ ಆಗಸ್ಟಿನಲ್ಲಿ ಅಕ್ಕ-ಭಾವ ಬೆಂಗಳೂರಿನಿಂದ ನಮ್ಮ ಉತ್ತರ ಕನ್ನಡ ಜಿಲ್ಲೆಯ ಕುಮಟಾಕ್ಕೆ ಬಂದಿದ್ದರು. ಮಳೆ ಅಂದರೆ ಮಳೆ. ಭಾವನ ಊರು ತುಮಕೂರಿನ ಕಡೆ. ಮದುವೆಯಾಗಿ ಹನ್ನೆರಡು ವರ್ಷವಾದರೂ ನಮ್ಮ ಕರಾವಳಿ ಅವರಿಗೆ ಇನ್ನೂ ಟೂರೇ. ಕೈಯಲ್ಲಿ ಮೊಬೈಲು, ಅದರಲ್ಲೊಂದು ಪಟ್ಟಿ. ಅಂಕೋಲಾ ಮಾವು, ಕುಮಟಾ ಈರುಳ್ಳಿ, ಶಿರಸಿ ಅಪ್ಪೆಮಿಡಿ, ಗಂಧದ ಕೆತ್ತನೆ, ಹಳೇ ಕಾಲದ ಹಿತ್ತಾಳೆ ಸಾಮಾನು. ಆಫೀಸಿನವರು ಯಾರೋ ಬರೆದುಕೊಟ್ಟಿದ್ದಂತೆ.

"ಇದೆಲ್ಲ ಒಂದೇ ಕಡೆ ಸಿಗೋ ಅಂಗಡಿ ಯಾವ್ದಯ್ಯಾ ನಿಮ್ಮೂರಲ್ಲಿ?" ಅಂತ ಕೇಳಿದರು. ಅಡುಗೆಮನೆಯಲ್ಲಿ ಅಮ್ಮ ನಕ್ಕಿದ್ದು ನನಗೆ ಕೇಳಿಸಿತು.

ಪಟ್ಟಿಯ ಮೊದಲ ಮೂರೂ ಆಗಸ್ಟಿನಲ್ಲಿ ಸಿಗುವುದಿಲ್ಲ. ಆಮೇಲಿನ ಎರಡು ಎಲ್ಲಾ ತಿಂಗಳೂ ಸಿಗುತ್ತವೆ, ಆದರೆ ನಾನು ಯಾರಿಗೂ ಕೊಳ್ಳಿ ಅನ್ನುವುದಿಲ್ಲ. ಪ್ರತಿ ರಜೆಯಲ್ಲೂ ಯಾರಾದರೊಬ್ಬರು ಇನ್‌ಬಾಕ್ಸಿಗೆ ಬಂದು "ನಿಮ್ಮ ಕಡೆ ಏನು ತಗೋಬೇಕು, ಎಲ್ಲಿ ತಗೋಬೇಕು" ಅಂತ ಕೇಳುತ್ತಾರೆ. ಪ್ರತಿ ಸಲ ಟೈಪ್ ಮಾಡಿ ಸಾಕಾಗಿದೆ. ಒಂದೇ ಸಲ ಬರೆದುಬಿಡುತ್ತೇನೆ. ನೀವು ಬರುವ ತಿಂಗಳು ಯಾವುದು ಅಂತ ಮೊದಲು ಹೇಳಿ. ಅಂಗಡಿಯ ಮಾತು ಆಮೇಲೆ.

ಈಶಾಡಿನಿಂದಲೇ ಶುರು ಮಾಡೋಣ, ಪಟ್ಟಿಯಲ್ಲಿದ್ದ ಅಂಕೋಲಾ ಮಾವು ಅದೇ. ಮೇ ತಿಂಗಳಲ್ಲಿ ಅಂಕೋಲಾ ದಾಟುವಾಗ ಕಾರಿನ ಗಾಜು ಇಳಿಸಿ. ಹೆದ್ದಾರಿ ಬದಿಯಲ್ಲಿ ಬುಟ್ಟಿ ಇಟ್ಟುಕೊಂಡು ಕೂತ ಹೆಂಗಸರು ಕಾಣುತ್ತಾರೆ. ಹೆಚ್ಚಿನವರು ಹಾಲಕ್ಕಿ ಒಕ್ಕಲಿಗರು, ಕುತ್ತಿಗೆ ತುಂಬ ಮಣಿಸರ. ಕರಿ ಈಶಾಡು, ಬಿಳಿ ಈಶಾಡು ಅಂತ ಎರಡು ಜಾತಿ. ಕರಿಯದರ ಸಿಪ್ಪೆ ತೆಳು, ತಿರುಳು ಜಾಸ್ತಿ, ಸಿಹಿಯೂ ಜಾಸ್ತಿ. ಬಿಳಿಯದರ ಸಿಪ್ಪೆ ದಪ್ಪ, ತಿರುಳು ಕಡಿಮೆ. 2023ರಲ್ಲಿ ಜಿಐ ಟ್ಯಾಗ್, ಅಂದರೆ ಇಂಥ ಊರಿನದ್ದೇ ಅನ್ನುವ ಸರ್ಕಾರಿ ಗುರುತು, ಸಿಕ್ಕಿದ್ದು ಕರಿ ಈಶಾಡಿಗೆ. ಕೊಳ್ಳುವಾಗ "ಈಶಾಡಾ?" ಅಂತ ಕೇಳಿದರೆ ಎಲ್ಲರೂ ಹೌದು ಅನ್ನುತ್ತಾರೆ, ಅದು ಸುಳ್ಳೂ ಅಲ್ಲ. "ಕರಿಯಾ ಬಿಳಿಯಾ?" ಅಂತ ಕೇಳಬೇಕು. ಡಜನ್ ಲೆಕ್ಕದಲ್ಲಿ ಕೊಡುತ್ತಾರೆ. ಒಮ್ಮೆ ನಾನೂ ಶಾಣ್ಯಾ ಆಗಿ ಚೌಕಾಸಿ ಮಾಡಿದ್ದೆ. ಅಜ್ಜಿ ಹಣ್ಣು ಜೋಡಿಸುವುದನ್ನು ನಿಲ್ಲಿಸಲೇ ಇಲ್ಲ. "ತಮಾ, ಮರ ಹತ್ತೋರಿಗೆ ಎಷ್ಟು ಕೂಲಿ ಕೊಡ್ಬೇಕು ಗೊತ್ತದ್ಯಾ ನಿಂಗೆ?" ಅಂದಳು. ಗೊತ್ತಿರಲಿಲ್ಲ. ಕೇಳಿದಷ್ಟು ಕೊಟ್ಟು ಬಂದೆ. ಸಿಪ್ಪೆ ತೆಳುವಾದ್ದರಿಂದ ಹಣ್ಣು ತಡೆಯುವುದಿಲ್ಲ. ಡಿಕ್ಕಿಯ ಬಿಸಿಯಲ್ಲಿ ಇಟ್ಟು ಬೆಂಗಳೂರಿಗೆ ಒಯ್ದು, ಆಮೇಲೆ ಅಂಕೋಲಾ ಮಾವು ಚೆನ್ನಾಗಿರಲಿಲ್ಲ ಅನ್ನಬೇಡಿ. ಅರೆ ಹಣ್ಣಾದದ್ದು ಕೇಳಿ ತಗೊಳ್ಳಿ, ಕಾಲ ಬುಡದಲ್ಲಿ ಇಟ್ಟುಕೊಂಡು ಹೋಗಿ.

ಅದೇ ಹೆದ್ದಾರಿಯಲ್ಲಿ ಕುಮಟಾಕ್ಕೆ ಬಂದರೆ ಈರುಳ್ಳಿ. ಅಳ್ವೇಕೋಡಿ, ಹಂದಿಗೋಣದ ಹತ್ತಿರ ಏಪ್ರಿಲ್-ಮೇನಲ್ಲಿ ರಸ್ತೆ ಬದಿಗೆ ಗಳ ಕಟ್ಟಿ ಈರುಳ್ಳಿ ಜಡೆ ತೂಗುಹಾಕಿರುತ್ತಾರೆ. ಖಾರ ಕಡಿಮೆ, ಸಿಹಿ. ಹಸಿಯಾಗಿ ಕಚ್ಚಿ ತಿನ್ನಬಹುದು. ಎಲೆ ಕತ್ತರಿಸದೆ ಹೆಣೆದ ಜಡೆ ಅದು, ನೋಡಲು ಚೆಂದ ಅಂತ ಮಾಡಿದ್ದಲ್ಲ. ಮನೆಗೆ ಒಯ್ದು ಗಾಳಿಯಾಡುವ ಕಡೆ ಹಾಗೇ ತೂಗುಬಿಟ್ಟರೆ ಮಳೆಗಾಲಕ್ಕೆ ಆಗುತ್ತದೆ. ಫ್ರಿಜ್ಜಿಗೆ, ಪ್ಲಾಸ್ಟಿಕ್ ಚೀಲಕ್ಕೆ ತುಂಬಿದರೆ ಹಾಳು. ಭಾವ ಬಂದಾಗ ನಮ್ಮ ಅಟ್ಟದಲ್ಲಿ ಎರಡು ಜಡೆ ಉಳಿದಿತ್ತು. ಒಂದನ್ನು ಅಮ್ಮ ಅಳಿಯನಿಗೆ ಕೊಟ್ಟಳು. ನನಗೆ ಸ್ವಲ್ಪ ಹೊಟ್ಟೆ ಉರಿಯಿತು, ಇರಲಿ.

ಇನ್ನು ಅಪ್ಪೆಮಿಡಿ. ಇದರ ವಿಷಯದಲ್ಲಿ ನಾನು ಸ್ವಲ್ಪ ಹೆಚ್ಚು ಮಾತಾಡುತ್ತೇನೆ, ಸಹಿಸಿಕೊಳ್ಳಿ. ಅಘನಾಶಿನಿ, ಬೇಡ್ತಿ, ಶರಾವತಿ ಹೊಳೆಗಳ ದಂಡೆಯಲ್ಲಿ ಬೆಳೆದ ಕಾಡುಮಾವಿನ ಮಿಡಿ ಇದು. ಬೇಸಿಗೆ ಶುರುವಿನಲ್ಲಿ ಶಿರಸಿ ಪೇಟೆಗೆ ಬರುತ್ತದೆ, ನೂರರ ಲೆಕ್ಕದಲ್ಲಿ ಮಾರುತ್ತಾರೆ. ಮಂಗಳವಾರದ ಸಂತೆಗೆ ಹೋದರೆ ಹುಡುಕುವ ಕಷ್ಟ ಕಡಿಮೆ. ಬಣ್ಣ, ಗಾತ್ರ ನೋಡಿ ಕೊಳ್ಳುವವರು ಮೋಸ ಹೋಗುತ್ತಾರೆ. ಒಂದು ಮಿಡಿಯ ತೊಟ್ಟು ಮುರಿದು ಮೂಸಬೇಕು. ಸೊನೆ ಚಿಮ್ಮಬೇಕು, ಪರಿಮಳ ಮೂಗಿಗೆ ಹೊಡೆಯಬೇಕು. ಕೆಲವು ಮರದ ಮಿಡಿಗೆ ಜೀರಿಗೆಯದೇ ವಾಸನೆ. ಆ ಸೊನೆಯಲ್ಲೇ ಎಲ್ಲಾ ಇದೆ. ಅದಕ್ಕೇ ಗೊತ್ತಿದ್ದವರು ಮಿಡಿಯನ್ನು ನೆಲಕ್ಕೆ ಉದುರಿಸುವುದಿಲ್ಲ. ಮರ ಹತ್ತಿ, ತೊಟ್ಟಿನ ಸಮೇತ ಕೊಯ್ದು, ಹಗ್ಗದಲ್ಲಿ ಇಳಿಸುತ್ತಾರೆ. ಬಿದ್ದ ಮಿಡಿಗೆ ಪೆಟ್ಟಾದರೆ ಉಪ್ಪಿನಕಾಯಿ ಮೆತ್ತಗಾಗುತ್ತದೆ, ಜಾಡಿಯಲ್ಲಿ ಇರುವ ಉಳಿದವನ್ನೂ ಕೆಡಿಸುತ್ತದೆ. ತೊಟ್ಟಿಲ್ಲದ ಮಿಡಿ ಅಗ್ಗಕ್ಕೆ ಸಿಕ್ಕಿತು ಅಂತ ಯಾರಾದರೂ ಖುಷಿಪಟ್ಟರೆ ನನಗೆ ಪಾಪ ಅನಿಸುತ್ತದೆ.

ಮಿಡಿ ಕೊಂಡವರಿಗೆ ಉಪ್ಪೂ ಬೇಕಲ್ವಾ? ಅಲ್ಲಿ ನಮ್ಮ ಕರಾವಳಿ ಮತ್ತೆ ಬರುತ್ತದೆ. ಗೋಕರ್ಣದ ಹತ್ತಿರ ಸಾಣಿಕಟ್ಟಾ ಇದೆ. ಅಘನಾಶಿನಿಯ ಉಪ್ಪುನೀರನ್ನು ಗದ್ದೆಯಂಥ ಪಾತಿಗಳಿಗೆ ಹಾಯಿಸಿ, ಬಿಸಿಲಿಗೆ ಆರಿಸಿ ಉಪ್ಪು ಎಳೆಯುತ್ತಾರೆ. ಉಪ್ಪಿನ ಆಗರದವರದ್ದೇ ಸಹಕಾರಿ ಸಂಘ. ಬೇಸಿಗೆಯಲ್ಲಿ ಹೋದರೆ ರಾಶಿ ರಾಶಿ ನೋಡಬಹುದು. ಹರಳು ದಪ್ಪ, ಬಣ್ಣ ಪೂರ್ತಿ ಬಿಳಿಯಲ್ಲ, ಸ್ವಲ್ಪ ಮಣ್ಣಿನ ಛಾಯೆ. ಉಪ್ಪಿನಕಾಯಿಗೆ ನಮ್ಮಮ್ಮ ಬೇರೆ ಉಪ್ಪು ಮುಟ್ಟುವುದಿಲ್ಲ.

ಜನ ಗೋಕರ್ಣಕ್ಕೆ ಬರುತ್ತಾರೆ, ರಥಬೀದಿಯಲ್ಲಿ ಎರಡು ತಾಸು ಸುತ್ತುತ್ತಾರೆ. ಬಣ್ಣದ ಪ್ಯಾಂಟು, ಗಾಜಿನ ಮಣಿ, ಕಲ್ಲಿನ ಉಂಗುರ ಕೊಳ್ಳುತ್ತಾರೆ. ಬೇಡ ಅಂತ ಹೇಳಲು ನಾನ್ಯಾರು? ಆದರೆ ಅದರಲ್ಲಿ ಹೆಚ್ಚಿನದು ಉತ್ತರ ಭಾರತದಿಂದ ಮೂಟೆಯಲ್ಲಿ ಬಂದದ್ದು. ಅದೇ ಗೋವಾದಲ್ಲೂ ಸಿಗುತ್ತದೆ, ಹಂಪಿಯಲ್ಲೂ ಸಿಗುತ್ತದೆ. ಹತ್ತಿರದಲ್ಲೇ ಇರುವ ಉಪ್ಪನ್ನು ಯಾರೂ ಕೇಳುವುದಿಲ್ಲ. ಭಾವ ಮಾತ್ರ ಕೇಳಿದರು, ಐದು ಕಿಲೋ ಒಯ್ದರು. ಅದರ ಕತೆ ಕೊನೆಗೆ ಹೇಳುತ್ತೇನೆ.

ಈಗ ಗಂಧದ ವಿಷಯ. ಶಿರಸಿ, ಸಿದ್ದಾಪುರ, ಕುಮಟಾ, ಹೊನ್ನಾವರ, ಅತ್ತ ಸಾಗರ, ಸೊರಬ ಎಲ್ಲಾ ಕಡೆ ಗುಡಿಗಾರರು ಇದ್ದಾರೆ. ಗಂಧ, ಶಿವಣೆ ಮರದಲ್ಲಿ ಕೆತ್ತುವ ಮನೆತನಗಳು. ಹಿಂದೆ ದಂತದಲ್ಲೂ ಕೆತ್ತುತ್ತಿದ್ದರು. ಅವರ ಇನ್ನೊಂದು ಕೆಲಸ ಬೆಂಡಿನದು, ಮದುವೆಯ ಬಾಸಿಂಗ ಅವರ ಕೈಯದ್ದೇ. ನನ್ನನ್ನು ಕೇಳಿದರೆ ಪ್ರವಾಸಿಗರು ಒಯ್ಯಬೇಕಾದ್ದು ಬಾಸಿಂಗ. ಹಗುರ, ಚೆಂದ, ಬೆಲೆಯೂ ಕೈಗೆಟಕುತ್ತದೆ. ಆದರೆ ಯಾರಿಗೂ ಬೇಡ. ಎಲ್ಲರಿಗೂ ಗಂಧದ ಗಣಪತಿಯೇ ಬೇಕು.

ಭಾವ ಕೊಂಡರು. ಯಾವ ಊರು, ಯಾವ ಅಂಗಡಿ ಅಂತ ಹೇಳುವುದಿಲ್ಲ. ಪ್ರವಾಸಿಗರ ಬಸ್ಸು ನಿಲ್ಲುವ ಜಾಗ, ಇಷ್ಟು ಸಾಕು. ನಾನೂ ಜೊತೆಗಿದ್ದೆ, ಆದ್ದರಿಂದ ತಪ್ಪಿನಲ್ಲಿ ಅರ್ಧ ಪಾಲು ನನ್ನದು. ಘಮ್ಮೆನ್ನುತ್ತಿತ್ತು. ಬಿಲ್ಲು ಕೇಳಿದಾಗ ಅಂಗಡಿಯವ ಚೀಟಿಯಲ್ಲಿ ಬರೀ ಮೊತ್ತ ಬರೆದುಕೊಟ್ಟ. ದಸರಾ ಹೊತ್ತಿಗೆ ಗಣಪತಿಗೆ ಸಾದಾ ಮರದ ವಾಸನೆ ಬಂದಿತ್ತು. ಮೇಲಿಂದ ಗಂಧದೆಣ್ಣೆ ಒರೆಸಿದ್ದರು, ಅಷ್ಟೇ. ನಿಜವಾದ ಗಂಧವೇ ಬೇಕು ಅಂದರೆ ಬಿಲ್ಲು ಕೊಡುವ ಕಡೆ ಹೋಗಿ. ಸರ್ಕಾರದ ಕರಕುಶಲ ನಿಗಮದ ಕಾವೇರಿ ಮಳಿಗೆ ಬೆಂಗಳೂರಿನಲ್ಲೇ ಇದೆ, ಭಾವನ ಆಫೀಸಿನಿಂದ ಮೆಟ್ರೋ ಹತ್ತಿದರಾಯಿತು. ಇಲ್ಲಿ ಕೊಳ್ಳುವುದಾದರೆ ಕೆತ್ತುವವರ ಎದುರೇ ಕೂತು, ಶಿವಣೆಯದ್ದನ್ನು ಶಿವಣೆ ಅಂತಲೇ ಹೇಳಿ ಕೊಡುವವರ ಹತ್ತಿರ ಕೊಳ್ಳಿ. "ಹಳೇ ದಂತದ್ದು, ಗುಟ್ಟಾಗಿ ಕೊಡ್ತೇನೆ" ಅಂತ ಯಾರಾದರೂ ಅಂದರೆ ಎದ್ದು ಬನ್ನಿ. ದಂತದ ವ್ಯಾಪಾರ ಕಾನೂನಿಗೆ ವಿರುದ್ಧ, ಹೊಸದಾದರೂ ಹಳೆಯದಾದರೂ.

ಹಳೇ ಸಾಮಾನಿನ ಮಾತು ಬಂತು. ಘಟ್ಟದ ಮೇಲೆ, ಕೆಳಗೆ ಎರಡೂ ಕಡೆ ದೊಡ್ಡ ಮನೆಗಳನ್ನು ಕೆಡವಿ ಆರ್‌ಸಿಸಿ ಹಾಕುತ್ತಿದ್ದಾರೆ. ಕಂಬ, ಬಾಗಿಲು, ಹಂಡೆ, ತೂಗುದೀಪ, ಚೆನ್ನೆಮಣೆ, ಅಕ್ಕಿ ಅಳೆಯುವ ಕೊಳಗ ಎಲ್ಲಾ ಹೊರಗೆ ಬರುತ್ತಿವೆ. ನಮ್ಮ ಮನೆಯ ನೀರಿನ ಹಂಡೆ ಗುಜರಿಗೆ ಹೋದದ್ದು ಕಿಲೋ ಲೆಕ್ಕದಲ್ಲಿ. ಆಗ ನಾನು ಹೈಸ್ಕೂಲು. ಆ ದುಡ್ಡಿನಲ್ಲಿ ಪ್ಲಾಸ್ಟಿಕ್ ಡ್ರಮ್ಮು ಬಂತು, ಎಲ್ಲರೂ ಖುಷಿಯಾಗಿದ್ದೆವು. ಈಗ ಅಂಥದ್ದೇ ಹಂಡೆ ರೆಸಾರ್ಟಿನ ಬಾಗಿಲಲ್ಲಿ ಹೂವು ತೇಲಿಸಿಕೊಂಡು ಕೂತಿರುವುದನ್ನು ನೋಡಿದರೆ ಏನೋ ಒಂಥರಾ ಆಗುತ್ತದೆ. ಅದಕ್ಕೇ ಕೊಳ್ಳಿ ಅಂತ ಹೇಳಲು ಬಾಯಿ ಬರುವುದಿಲ್ಲ. ಕೊಳ್ಳುವುದೇ ಆದರೆ ಒಂದು ಮಾತು ನೆನಪಿಡಿ. 1972ರ ಪುರಾವಸ್ತು ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ವಿಗ್ರಹ, ಶಿಲ್ಪಗಳೆಲ್ಲ ಪುರಾವಸ್ತು. ಓಲೆಗರಿಯಂಥ ಹಸ್ತಪ್ರತಿಗೆ ಎಪ್ಪತ್ತೈದೇ ವರ್ಷ. ಮಾರುವವರಿಗೆ ಲೈಸೆನ್ಸ್ ಬೇಕು, ದೇಶದ ಹೊರಗೆ ಒಯ್ಯುವಂತಿಲ್ಲ. "ಇನ್ನೂರು ವರ್ಷದ ದೇವರ ಮೂರ್ತಿ ಸಾರ್" ಅಂತ ಯಾರಾದರೂ ತೋರಿಸಿದರೆ, ಅವರು ಹೇಳಿದ್ದು ಸುಳ್ಳಾದರೆ ನಿಮ್ಮ ದುಡ್ಡು ಹೋಯಿತು, ನಿಜವಾದರೆ ನೀವು ಸ್ಟೇಷನ್ನಿಗೆ ಹೋದಿರಿ.

ಮತ್ತೆ ಮಳೆಗಾಲದಲ್ಲಿ ಬಂದ ಭಾವ ಬರಿಗೈಯಲ್ಲಿ ಹೋದರಾ? ಇಲ್ಲ. ಮಳೆಗಾಲ ಅಂದರೆ ಒಣಗಿಸಿ ಇಟ್ಟದ್ದನ್ನು ಹೊರಗೆ ತೆಗೆಯುವ ಕಾಲ. ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಹೋದೆವು. ಬೇಸಿಗೆಯಲ್ಲಿ ಹಚ್ಚಿದ ಹಲಸಿನ ಹಪ್ಪಳ, ಒಣಗಿದ ಮುರುಗಲು (ಕೋಕಂ) ಸಿಪ್ಪೆ, ತುಡುವೆ ಜೇನುತುಪ್ಪ, ಕಾಳುಮೆಣಸು, ಡಬ್ಬದಲ್ಲಿ ಜೋನಿಬೆಲ್ಲ ಎಲ್ಲಾ ಇತ್ತು. ಟಿಎಸ್‌ಎಸ್‌ನಲ್ಲೂ ಸಿಗುತ್ತದೆ, ಕದಂಬ ಸಹಕಾರಿಯ ಮಳಿಗೆಯಲ್ಲೂ ಸಿಗುತ್ತದೆ. ಟಿಎಸ್‌ಎಸ್ ಅಂದರೆ ಅಡಿಕೆ ತೋಟದವರ ಸೊಸೈಟಿ, 1923ರದ್ದು. ಕಾಳುಮೆಣಸಿನ ಮುಂದೆ ಭಾವನಿಗೆ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಕತೆ ಹೇಳಿದೆ, ಪೋರ್ಚುಗೀಸರು ಅವಳನ್ನು ಮೆಣಸಿನ ರಾಣಿ ಅಂತಿದ್ದರು. ಕತೆ ಕೇಳಿ ಅರ್ಧ ಕಿಲೋ ಜಾಸ್ತಿ ತಗೊಂಡರು.

ತೊಡದೇವನ್ನೂ ಕೊಂಡರು. ಕಬ್ಬಿನ ಹಾಲಿಗೆ ಅಕ್ಕಿ ಹಿಟ್ಟು ಕಲಸಿ, ಕವುಚಿ ಹಾಕಿದ ಬಿಸಿ ಗಡಿಗೆಯ ಬೆನ್ನಿಗೆ ಬಟ್ಟೆಯಲ್ಲಿ ಸವರಿ ತೆಗೆಯುವ ಸಿಹಿ. ಕಾಗದದಷ್ಟು ತೆಳು. ಎಷ್ಟು ಹುಷಾರಾಗಿ ಒಯ್ದರೂ ಪುಡಿಯಾಗುತ್ತದೆ. ಪುಡಿಯಾದರೆ ಹಾಲಿಗೆ ಹಾಕಿಕೊಂಡು ತಿನ್ನಿ, ಏನೂ ನಷ್ಟವಿಲ್ಲ.

ಯಲ್ಲಾಪುರ, ಹಳಿಯಾಳದ ಸಿದ್ದಿ ಹೆಂಗಸರು ಹೊಲಿಯುವ ಕೌದಿ ನನಗೆ ಈ ಜಿಲ್ಲೆಯ ಎಲ್ಲಾ ಕೈಕೆಲಸಕ್ಕಿಂತ ಇಷ್ಟ. ಹಳೇ ಸೀರೆ, ಅಂಗಿ ತುಂಡುಗಳನ್ನು ಅಂಚಿನಿಂದ ಶುರುಮಾಡಿ ಸುತ್ತುತ್ತಾ ನಡುವಿಗೆ ಹೊಲಿದುಕೊಂಡು ಬರುತ್ತಾರೆ. ನಾಲ್ಕು ಮೂಲೆಗೂ ಬಟ್ಟೆ ಮಡಚಿ ಹೂವು ಇಡುತ್ತಾರೆ. ಮೂಲೆಗೆ ಹೂವಿಲ್ಲದಿದ್ದರೆ ಕೌದಿ ಬತ್ತಲೆ ಅನ್ನುತ್ತಾರೆ. ಇದಕ್ಕೆ ತಿಂಗಳ ಲೆಕ್ಕವಿಲ್ಲ, ಆದರೆ ಪುರುಸೊತ್ತು ಬೇಕು. ಮನೆ ಕೆಲಸ, ಗದ್ದೆ ಕೆಲಸ ಮುಗಿಸಿ ಹೊಲಿಯುವವರು ಅವರು. ಹೇಳಿಟ್ಟು ಬರಬೇಕು, ಆದಾಗ ಒಯ್ಯಬೇಕು. "ಹೊಸ ಬಟ್ಟೆಯದ್ದು ಇಲ್ವಾ?" ಅಂತ ಭಾವ ಕೇಳಿದರು. ಅಕ್ಕ ಅವರ ಕಾಲು ತುಳಿದಳು.

ಕಾರವಾರಕ್ಕೆ ಹೋಗುವವರು ಭಾನುವಾರ ಹೋಗಿ, ಅವತ್ತು ಸಂತೆ. ಮೇ ಕೊನೆಯ ಭಾನುವಾರವಾದರೆ ಇನ್ನೂ ಒಳ್ಳೆಯದು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ಬಂದ್. ಅದಕ್ಕೇ ಮನೆಮನೆಯವರೂ ಒಣಮೀನು ಕೂಡಿಡುತ್ತಾರೆ. ಒಣ ಶೆಟ್ಲಿ (ಸಿಗಡಿ), ಉಪ್ಪು ಹಾಕಿದ ಬಂಗಡೆ. ಶೆಟ್ಲಿಯನ್ನು ಮುಷ್ಟಿಯಲ್ಲಿ ಹಿಡಿದು ಅಲುಗಾಡಿಸಿ. ಗಲಗಲ ಅನ್ನಬೇಕು. ಅಂಗೈಯಲ್ಲಿ ಹೊಯ್ಗೆ ಉಳಿದರೆ ಬರೀ ಮರಳ ಮೇಲೆ ಹರವಿದ್ದು ಅಂತ ಲೆಕ್ಕ, ಮುಂದಿನವರ ಹತ್ತಿರ ಹೋಗಿ. ಒಯ್ಯಲು ಮುಚ್ಚಳ ಗಟ್ಟಿಯಿರುವ ಸ್ಟೀಲ್ ಡಬ್ಬ ತನ್ನಿ. ಎಸಿ ಬಸ್ಸಿನಲ್ಲಿ ಪೇಪರಿಗೆ ಸುತ್ತಿ ತಂದು ಬೈಸಿಕೊಂಡವರನ್ನು ನಾನು ಕಣ್ಣಾರೆ ನೋಡಿದ್ದೇನೆ.

ಭಟ್ಕಳಕ್ಕೆ ಹೋದರೆ ಮಲ್ಲಿಗೆ, ಅಷ್ಟೇ, ಆದರೆ ಅದು ಸಂಜೆಯೊಳಗೆ ಮುಡಿಯಬೇಕಾದ್ದು. ಮುಂಡಗೋಡದ ಟಿಬೆಟನ್ ಕಾಲೊನಿಯಲ್ಲಿ ನನಗೆ ಮೊಮೊ ಬಿಟ್ಟು ಬೇರೆ ಅನುಭವ ಕಡಿಮೆ, ಹೋದವರು ಕಮೆಂಟಿನಲ್ಲಿ ಹೇಳಿ. ನವೆಂಬರದಲ್ಲಿ ಬರುವವರು ಮಾಣಿಕಟ್ಟಾದ ಕಗ್ಗ ಭತ್ತದ ಅಕ್ಕಿ ವಿಚಾರಿಸಿ. ಉಪ್ಪುನೀರಿನಲ್ಲಿ ಬೆಳೆಯುವ ಭತ್ತ ಅದು. ಬೆಳೆಯುವವರು ಕಡಿಮೆಯಾಗಿದ್ದಾರೆ, ಸಿಕ್ಕರೆ ಬಿಡಬೇಡಿ.

ಹೋದ ವಾರ ಅಕ್ಕ ಫೋನ್ ಮಾಡಿದ್ದಳು. ಭಾವ ಸಾಣಿಕಟ್ಟಾ ಉಪ್ಪನ್ನು ಅಡುಗೆಗೆ ಕೊಟ್ಟಿಲ್ಲವಂತೆ. ಗಾಜಿನ ಬೋಗುಣಿಯಲ್ಲಿ ತುಂಬಿ, ಬಂದವರಿಗೆ ತೋರಿಸಲು ಶೋಕೇಸಿನಲ್ಲಿ ಗಣಪತಿಯ ಪಕ್ಕ ಇಟ್ಟಿದ್ದರಂತೆ. ಬೆಂಗಳೂರಿನಲ್ಲಿ ನಾಲ್ಕು ದಿನ ಮಳೆ ಬಂತಲ್ವಾ, ಉಪ್ಪು ನೀರು ಬಿಟ್ಟಿದೆ. ಗಣಪತಿ ಮೊಣಕಾಲವರೆಗೆ ಒದ್ದೆ, ಬಣ್ಣ ಬಿಡಲು ಶುರುವಾಗಿದೆ. ಭಾವ ಹಿಂದಿನಿಂದ ಕೂಗುತ್ತಿದ್ದರು: "ಮೇ ತಿಂಗಳಲ್ಲಿ ರಜೆ ಹಾಕಿದ್ದೀನಿ ಅಂತ ಹೇಳು ಅವನಿಗೆ, ಕರಿ ಈಶಾಡು ಎರಡು ಡಜನ್!"