ತ್ರಿಶಂಕು ತಂಡದ ಪಂಚವಾರ್ಷಿಕ ಯೋಜನೆ

ಅಮೆರಿಕ ಮತ್ತು ಕೆನಡಾದ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್‌ನಲ್ಲಿ ಎಲ್ಲಕ್ಕಿಂತ ಕಷ್ಟದ ಕೆಲಸ ಯಾವುದು? ಬುಲೆಟ್ ತರಹ ಬರುವ ಪಕ್‌ಗೆ (ರಬ್ಬರಿನ ಚಪ್ಪಟೆ ಬಿಲ್ಲೆ) ಎದೆಯೊಡ್ಡಿ ನಿಲ್ಲುವ ಗೋಲಿಯದ್ದು, ಅಂದರೆ ಗೋಲ್‌ಕೀಪರ್‌ನದ್ದು, ಅಂತ ನೀವು ಹೇಳಬಹುದು. ಪಾಪ, ಅವನಿಗೆ ಹೆಲ್ಮೆಟ್ ಇರುತ್ತದೆ. ಒಂಬತ್ತನೇ ಸ್ಥಾನದಲ್ಲಿರುವ ತಂಡದ ಜನರಲ್ ಮ್ಯಾನೇಜರ್‌ಗೆ ಅದೂ ಇಲ್ಲ. ಮಾರ್ಚ್ ತಿಂಗಳು ಬಂದರೆ ಬರೀ ಒಂದು ಟೈ ಕಟ್ಟಿಕೊಂಡು ಪತ್ರಕರ್ತರ ಮುಂದೆ ಕೂರಬೇಕು.

ಲೆಕ್ಕ ಸರಳ. 32 ತಂಡಗಳು, ಎರಡು ಕಾನ್ಫರೆನ್ಸ್. ಒಂದೊಂದರಿಂದ ಎಂಟು ತಂಡಗಳು ಪ್ಲೇಆಫ್‌ಗೆ ಹೋಗುತ್ತವೆ. ಮೇಲಿದ್ದರೆ ಕಪ್ಪಿನ ಆಸೆ. ತೀರಾ ಕೆಳಗಿದ್ದರೆ ಡ್ರಾಫ್ಟ್‌ನಲ್ಲಿ ಹೊಸ ಹುಡುಗರನ್ನು ಆರಿಸುವಾಗ ಮೊದಲ ಸರದಿಯ ಆಸೆ. ಒಂಬತ್ತನೆಯವನಿಗೆ ಸ್ವರ್ಗವೂ ಇಲ್ಲ, ಭೂಮಿಯೂ ಇಲ್ಲ. ತ್ರಿಶಂಕುವಿಗಾದರೂ ಒಬ್ಬ ವಿಶ್ವಾಮಿತ್ರ ಇದ್ದ. ಇವನಿಗೆ ಇರುವುದು ಟಿವಿ ಸ್ಟುಡಿಯೋದಲ್ಲಿ ಕೂತ ಮೂವರು ಮಾಜಿ ಆಟಗಾರರು.

ಹಾಗಾಗಿ ಪ್ರತಿ ವರ್ಷ ಅದೇ ಚರ್ಚೆ. ಎಲ್ಲವನ್ನೂ ಕೆಡವಿ ಹೊಸದಾಗಿ ಕಟ್ಟಬೇಕಾ? ಅಥವಾ ಇದ್ದವರನ್ನೇ ಹಿಡಿದುಕೊಂಡು ಪ್ಲೇಆಫ್ ಬಾಗಿಲು ತಟ್ಟಬೇಕಾ? ಮ್ಯಾನೇಜರ್ ಸಾಹೇಬರ ಉತ್ತರವೂ ಅದೇ: "ನಮ್ಮ ಹತ್ತಿರ ಐದು ವರ್ಷದ ಯೋಜನೆ ಇದೆ." ಸುಳ್ಳಲ್ಲ, ಇದೆ. ಆದರೆ ಪ್ರತಿ ವರ್ಷವೂ ಅದು ಮೊದಲನೇ ವರ್ಷ.

ಮೊದಲು ಕೆಡವುವ ಪಕ್ಷದವರ ಮಾತು ಕೇಳೋಣ. ಇವರ ಧರ್ಮದಲ್ಲಿ ಸೋಲೇ ತಪಸ್ಸು. ಚೆನ್ನಾಗಿ ಆಡುವವರನ್ನೆಲ್ಲ ಮಾರು, ಡ್ರಾಫ್ಟ್ ಪಿಕ್ (ಹುಡುಗರನ್ನು ಆರಿಸುವ ಸರದಿ) ಕೂಡಿಡು, ಕೊನೆಯ ಸ್ಥಾನಕ್ಕೆ ಇಳಿ, ಅವತಾರ ಪುರುಷನಿಗಾಗಿ ಕಾಯಿ. ಇದಕ್ಕೆ ಇತಿಹಾಸದ ಬಲವೂ ಇದೆ. 1984ರಲ್ಲಿ ಪಿಟ್ಸ್‌ಬರ್ಗ್ ಪೆಂಗ್ವಿನ್ಸ್ ತಂಡ ನ್ಯೂಜೆರ್ಸಿ ಜೊತೆ ಕೊನೆಯ ಸ್ಥಾನಕ್ಕೆ ಭಾರೀ ಪೈಪೋಟಿ ನಡೆಸಿತು. ಮೂರು ಪಾಯಿಂಟ್ ಕಡಿಮೆ ಗಳಿಸಿ ಅದ್ಧೂರಿಯಾಗಿ ಕೊನೆಗೆ ಬಂತು. ಮಾರಿಯೋ ಲೆಮ್ಯೂ ಎಂಬ ಅವತಾರ ಪುರುಷ ಸಿಕ್ಕಿದ. ಮುಂದೆ ಎರಡು ಕಪ್ ಬಂತು. ಆಮೇಲೆ ಎಲ್ಲರಿಗೂ ಸೋಲುವ ಹುಮ್ಮಸ್ಸು ಬಂದುಬಿಟ್ಟಿತು.

ಲೀಗಿನವರಿಗೆ ಮುಜುಗರವಾಯಿತು. ಬೇಕೆಂದೇ ಸೋಲುವವರಿಗೆ ಪಾಠ ಕಲಿಸಬೇಕು ಅಂತ 1995ರಲ್ಲಿ ಲಾಟರಿ ತಂದರು. ಮೆಷಿನ್ ಒಳಗೆ 1ರಿಂದ 14ರವರೆಗೆ ನಂಬರ್ ಇರುವ ಚೆಂಡುಗಳು. ನಾಲ್ಕು ಹೊರಗೆ ಬರುತ್ತವೆ. ಒಟ್ಟು 1001 ಜೋಡಣೆ. ಸಾವಿರಕ್ಕೆ ಒಂದು ಜಾಸ್ತಿಯಾಯಿತು ಅಂತ ಅದನ್ನು ಬಿಸಾಡಿ, ಉಳಿದ 1000ವನ್ನು ಸೋತವರಿಗೆ ಹಂಚುತ್ತಾರೆ. ಹೆಚ್ಚು ಸೋತವನಿಗೆ ಹೆಚ್ಚು ಪಾಲು. ಅಂದರೆ ಸೋಲಿಗೆ ಬಹುಮಾನ ಕೊಡುವುದನ್ನು ನಿಲ್ಲಿಸಲಿಲ್ಲ. ಬಹುಮಾನ ಸಿಗುತ್ತದೋ ಇಲ್ಲವೋ ಎಂಬ ಕುತೂಹಲವನ್ನು ಸೇರಿಸಿ, ಅದನ್ನೂ ಟಿವಿಯಲ್ಲಿ ತೋರಿಸಿದರು.

ಈ ಕುತೂಹಲದ ರುಚಿ ಬಫಲೋ ಊರಿನವರನ್ನು ಕೇಳಬೇಕು. 2015ರಲ್ಲಿ ಡ್ರಾಫ್ಟ್‌ಗೆ ಬರುವ ಅವತಾರ ಪುರುಷ ಕಾನರ್ ಮೆಕ್‌ಡೇವಿಡ್ ಅಂತ ಎಲ್ಲರಿಗೂ ಗೊತ್ತಿತ್ತು. ಬಫಲೋ ಸೇಬರ್ಸ್ ಶ್ರದ್ಧೆಯಿಂದ ಸೋಲುತ್ತಿತ್ತು. ಮಾರ್ಚ್ 26ರಂದು ಅದೇ ಊರಿಗೆ ಅರಿಜೋನಾ ತಂಡ ಬಂತು. ಅದೂ ತಳದಿಂದ ಎರಡನೆಯದು. ಪಂದ್ಯ ಓವರ್‌ಟೈಮ್‌ಗೆ ಹೋಯಿತು. ಅರಿಜೋನಾದವನು ಗೋಲು ಹೊಡೆದ. ಬಫಲೋ ಅಭಿಮಾನಿಗಳು ಎದ್ದು ನಿಂತು ಚಪ್ಪಾಳೆ ಹೊಡೆದರು! ದುಡ್ಡು ಕೊಟ್ಟು ಟಿಕೆಟ್ ತಗೊಂಡು, ತಮ್ಮ ತಂಡದ ಜೆರ್ಸಿಯನ್ನೇ ಹಾಕಿಕೊಂಡು, ತಮ್ಮ ಗೋಲಿಗೆ ಗೋಲು ಬಿದ್ದಾಗ ಕುಣಿದರು. ಆ ರಾತ್ರಿ ಬಫಲೋ ಆಟಗಾರರ ಮುಖ ಹೇಗಿತ್ತೋ! ಇಪ್ಪತ್ತು ಮಂದಿ ಜೀವಮಾನವಿಡೀ ಗೆಲ್ಲುವುದನ್ನೇ ಕಲಿತು ಬಂದಿದ್ದಾರೆ. ಇವರು ಚೆನ್ನಾಗಿ ಆಡಿದರೆ ಊರಿಗೆ ಊರೇ ಮುನಿಸಿಕೊಳ್ಳುತ್ತದೆ.

ಕೊನೆಗೆ ಬಫಲೋ ಕೊನೆಯ ಸ್ಥಾನವನ್ನು ಗೆದ್ದೇ ಬಿಟ್ಟಿತು. ಲಾಟರಿ ಮಾತ್ರ ಎಡ್ಮಂಟನ್‌ಗೆ ಹೊಡೆಯಿತು. ಆರು ವರ್ಷದಲ್ಲಿ ಎಡ್ಮಂಟನ್‌ಗೆ ಅದು ನಾಲ್ಕನೇ ಮೊದಲ ಪಿಕ್. ಬಫಲೋಗೆ ಎರಡನೇ ಪಿಕ್‌ನಲ್ಲಿ ಸಿಕ್ಕವನು ಜ್ಯಾಕ್ ಐಕೆಲ್. ಒಳ್ಳೆಯ ಆಟಗಾರನೇ. ಎಷ್ಟು ಒಳ್ಳೆಯವನು ಅಂದರೆ, 2021ರಲ್ಲಿ ವೇಗಸ್‌ಗೆ ಹೋಗಿ 2023ರಲ್ಲಿ ಅಲ್ಲಿ ಕಪ್ ಎತ್ತಿದ. ಬಫಲೋ ಆಮೇಲೆ 2018ರಲ್ಲಿ ಒಮ್ಮೆ, 2021ರಲ್ಲಿ ಇನ್ನೊಮ್ಮೆ ಮೊದಲ ಪಿಕ್ ಪಡೆಯಿತು. ಫಲಿತಾಂಶ: 2011ರ ನಂತರ 2025ರವರೆಗೆ ಸತತ 14 ಸೀಸನ್ ಪ್ಲೇಆಫ್ ಇಲ್ಲ. ಲೀಗಿನ ದಾಖಲೆ. ಕಟ್ಟುತ್ತಲೇ ಇದ್ದರು, ಗೃಹಪ್ರವೇಶದ ಮುಹೂರ್ತವೇ ಬರಲಿಲ್ಲ.

ಎಡ್ಮಂಟನ್ ಕಥೆ ಕೇಳಿ ಹೊಟ್ಟೆ ಉರಿದುಕೊಳ್ಳಬೇಡಿ. ಅವರ 2012ರ ಮೊದಲ ಪಿಕ್ ನೇಲ್ ಯಾಕುಪೋವ್ 2018ರ ಹೊತ್ತಿಗೆ ಲೀಗಿನಿಂದಲೇ ಹೊರಗಿದ್ದ. ಇತ್ತ 1998ರಲ್ಲಿ ಡೆಟ್ರಾಯಿಟ್ ತಂಡ ಪಾವೆಲ್ ದತ್ಸುಕ್‌ನನ್ನು ಆರಿಸಿದ್ದು 171ನೇ ಸರದಿಯಲ್ಲಿ. ಮರುವರ್ಷ ಹೆನ್ರಿಕ್ ಜೆಟರ್‌ಬರ್ಗ್‌ನನ್ನು 210ನೇ ಸರದಿಯಲ್ಲಿ. ಇಬ್ಬರೂ ಸೇರಿ ಆ ತಂಡವನ್ನು ವರ್ಷಗಟ್ಟಲೆ ಹೊತ್ತರು. ಡ್ರಾಫ್ಟ್‌ನಲ್ಲಿ ಅಂಥ ಸರದಿ ಬರುವ ಹೊತ್ತಿಗೆ ಬಹುಪಾಲು ಮ್ಯಾನೇಜರ್‌ಗಳು ವಿಮಾನ ಹತ್ತುವ ಯೋಚನೆಯಲ್ಲಿ ಇರುತ್ತಾರೆ.

ಅದೇ ಡೆಟ್ರಾಯಿಟ್ 25 ಸೀಸನ್ ಬಿಡದೆ ಪ್ಲೇಆಫ್ ಆಡಿ, ಕೊನೆಗೆ ಸುಸ್ತಾಗಿ, ಕೆಡವುವ ದಾರಿ ಹಿಡಿಯಿತು. 2020ರಲ್ಲಿ 71 ಪಂದ್ಯಗಳಲ್ಲಿ 17 ಗೆದ್ದು ಎಲ್ಲರಿಗಿಂತ ಕೆಳಗೆ ಬಂತು, ಅದೂ ಬಹಳ ಅಂತರದಲ್ಲಿ. ಇದಕ್ಕಿಂತ ಪ್ರಾಮಾಣಿಕವಾಗಿ ಸೋಲಲು ಸಾಧ್ಯವಿಲ್ಲ. ಲಾಟರಿ ಎತ್ತಿದಾಗ ಸಿಕ್ಕಿದ್ದು ನಾಲ್ಕನೇ ಪಿಕ್. ಮೊದಲ ಪಿಕ್ ಹೋಗಿದ್ದು ನ್ಯೂಯಾರ್ಕ್ ರೇಂಜರ್ಸ್‌ಗೆ. ಕೋವಿಡ್ ಕಾಲದ ವಿಶೇಷ ನಿಯಮದಲ್ಲಿ ಪ್ಲೇಆಫ್‌ನ ಅರ್ಹತಾ ಸುತ್ತು ಆಡಿ ಸೋತಿದ್ದ ತಂಡ ಅದು!

ಇನ್ನು ಮಧ್ಯದ ತಂಡ ಅರೆಮನಸ್ಸಿನಿಂದ ಸೋತರೆ? ಅದಕ್ಕೂ ನಿಯಮ ಇದೆ. 2022ರಿಂದ ಲಾಟರಿ ಗೆದ್ದವರು ತಮ್ಮ ಸರದಿಯಿಂದ ಹತ್ತಕ್ಕಿಂತ ಹೆಚ್ಚು ಸ್ಥಾನ ಮೇಲೆ ಏರುವಂತಿಲ್ಲ. ಪ್ಲೇಆಫ್ ಸ್ವಲ್ಪದರಲ್ಲಿ ತಪ್ಪಿಸಿಕೊಂಡವನ ಅವಕಾಶ ನೂರಕ್ಕೆ ಅರ್ಧ. ಆ ಅರ್ಧವೂ ಒಲಿದು ಬಂದರೆ ಸಿಗುವುದು ಆರನೇ ಪಿಕ್. ಜಾಕ್‌ಪಾಟ್ ಹೊಡೆದರೂ ಜಾಕ್‌ಪಾಟ್ ಕೊಡದ ಲಾಟರಿ ಟಿಕೆಟನ್ನು ಕೈಯಲ್ಲಿ ಹಿಡಿಸಿ ಕಳಿಸುತ್ತಾರೆ.

ಆಯ್ತು, ಪ್ಲೇಆಫ್ ಪಕ್ಷಕ್ಕೆ ಬರೋಣ. ಇವರ ಮನೆದೇವರು 2012ರ ಲಾಸ್ ಏಂಜಲೀಸ್ ಕಿಂಗ್ಸ್. ಎಂಟನೇ ಸ್ಥಾನದಿಂದ ನುಗ್ಗಿ, 16 ಗೆದ್ದು ಬರೀ 4 ಸೋತು ಕಪ್ ಎತ್ತಿದರು. ಉಪದೇವರು 2023ರ ಫ್ಲೋರಿಡಾ ಪ್ಯಾಂಥರ್ಸ್. 92 ಪಾಯಿಂಟಿಗೆ ಹೇಗೋ ಕೊನೆಯ ವೈಲ್ಡ್ ಕಾರ್ಡ್ ಸೀಟು (ಪ್ಲೇಆಫ್‌ನ ಕಟ್ಟಕಡೆಯ ಜಾಗ) ಹಿಡಿದು, 135 ಪಾಯಿಂಟ್ ಗಳಿಸಿ ದಾಖಲೆ ಬರೆದಿದ್ದ ಬಾಸ್ಟನ್ ತಂಡವನ್ನು ಮೊದಲ ಸುತ್ತಿನಲ್ಲೇ ಮನೆಗೆ ಕಳಿಸಿದರು. ಹೇಗಾದರೂ ಒಳಗೆ ಹೋದರೆ ಸಾಕು, ಮುಂದೆ ಏನು ಬೇಕಾದರೂ ಆಗಬಹುದು ಎನ್ನುವುದು ಇವರ ಮಂತ್ರ. ಫ್ಲೋರಿಡಾ ಅದರ ಹಿಂದಿನ ವರ್ಷ 122 ಪಾಯಿಂಟ್ ಗಳಿಸಿ ಇಡೀ ಲೀಗಿಗೇ ಮೊದಲಿತ್ತು ಅಂತ ನೆನಪಿಸಿದರೆ ಇವರಿಗೆ ಕೋಪ ಬರುತ್ತದೆ. ಹುಲಿ ಬೆಕ್ಕಿನ ವೇಷದಲ್ಲಿ ಬಂದಿತ್ತು. ಇವರು ತಮ್ಮ ಬೆಕ್ಕನ್ನು ಎತ್ತಿಕೊಂಡು ಬಾಸ್ಟನ್ ಕಡೆ ಹೊರಟಿದ್ದಾರೆ.

ಹಾಗೆ ಹೊರಟವರಿಗೆ ಏನು ಸಿಗುತ್ತದೆ? 2024ರ ಏಪ್ರಿಲ್‌ನಲ್ಲಿ ವಾಷಿಂಗ್ಟನ್ ಒಳಗೆ ಹೋಯಿತು. ಹೊಡೆದ ಗೋಲಿಗಿಂತ ಹೊಡೆಸಿಕೊಂಡ ಗೋಲು 37 ಜಾಸ್ತಿ. ಡೆಟ್ರಾಯಿಟ್‌ನದ್ದೂ 91 ಪಾಯಿಂಟ್, ಇವರದ್ದೂ 91. ಟೈಬ್ರೇಕರ್‌ನಲ್ಲಿ ಇವರು ಪಾಸು, ಅವರು ಫೇಲು. ಆ ಕೊನೆಯ ರಾತ್ರಿಯ ನಾಟಕ ನೋಡಬೇಕಿತ್ತು. ಎದುರಾಳಿ ಫಿಲಡೆಲ್ಫಿಯಾಗೆ ಮಾಮೂಲಿ ಸಮಯದಲ್ಲೇ ಗೆಲ್ಲುವುದು ಅನಿವಾರ್ಯವಾಗಿತ್ತು. ಸ್ಕೋರು 1-1. ಫಿಲಡೆಲ್ಫಿಯಾ ಕೋಚ್ ತಮ್ಮ ಗೋಲಿಯನ್ನು ಹೊರಗೆ ಕರೆದು ಇನ್ನೊಬ್ಬ ದಾಳಿಗಾರನನ್ನು ಕಳಿಸಿದರು. ಸಮ ಸಮ ಇರುವ ಪಂದ್ಯದಲ್ಲಿ ಖಾಲಿ ಬಲೆ! ವಾಷಿಂಗ್ಟನ್ ಆ ಖಾಲಿ ಬಲೆಗೆ ಗೋಲು ಹಾಕಿ ಪ್ಲೇಆಫ್ ಸೇರಿತು. ಅಲ್ಲಿ ರೇಂಜರ್ಸ್ ನಾಲ್ಕಕ್ಕೆ ನಾಲ್ಕೂ ಪಂದ್ಯ ಗೆದ್ದು ಅವರನ್ನು ವಾಪಸ್ ಕಳಿಸಿತು. ಮರುವರ್ಷ ಕ್ಯಾಲ್ಗರಿ 96 ಪಾಯಿಂಟ್ ಗಳಿಸಿಯೂ ಟೈಬ್ರೇಕರ್‌ನಲ್ಲೇ ಹೊರಗುಳಿಯಿತು. ಕೈಗೆ ಬಂದದ್ದು ಬಾಯಿಗೆ ಬರಲಿಲ್ಲ.

ನನ್ನನ್ನು ಕೇಳಿದರೆ ಇಷ್ಟೂ ಗೊಂದಲದ ಮೂಲ ಒಂದು ಪಾಯಿಂಟು. ಓವರ್‌ಟೈಮ್‌ನಲ್ಲೋ ಶೂಟೌಟ್‌ನಲ್ಲೋ ಸೋತರೂ ಒಂದು ಪಾಯಿಂಟ್ ಕೊಡುತ್ತಾರೆ. ಒಂದು ಪಂದ್ಯಕ್ಕೆ ಒಟ್ಟು ಎರಡು ಪಾಯಿಂಟ್, ಪಕ್ಕದ ಊರಿನ ಪಂದ್ಯಕ್ಕೆ ಮೂರು. ಪಾಯಿಂಟುಗಳೇ ಹುಟ್ಟಿಕೊಳ್ಳುವ ಇಂಥ ಲೀಗಿನಲ್ಲಿ ಅರ್ಧಕ್ಕಿಂತ ಹೆಚ್ಚು ತಂಡಗಳು ಅರ್ಧಕ್ಕಿಂತ ಹೆಚ್ಚು ಪಾಯಿಂಟ್ ಗಳಿಸುತ್ತವೆ. ಎಲ್ಲರೂ ಸರಾಸರಿಗಿಂತ ಮೇಲೆ! ಕ್ರಿಸ್ಮಸ್ ಕಳೆದರೂ ಯಾರೂ ಸ್ಪರ್ಧೆಯಿಂದ ಹೊರಬಿದ್ದಿರುವುದಿಲ್ಲ. ಯಾರಿಗೂ ತಾವು ಕೆಟ್ಟದಾಗಿ ಆಡುತ್ತಿದ್ದೇವೆ ಅಂತ ಗೊತ್ತೇ ಆಗುವುದಿಲ್ಲ. ಸಾಹೇಬರು ಪಟ್ಟಿ ತೋರಿಸುತ್ತಾರೆ: "ನೋಡಿ, ವೈಲ್ಡ್ ಕಾರ್ಡ್‌ಗೆ ನಾಲ್ಕೇ ಪಾಯಿಂಟ್ ದೂರ." ಮಧ್ಯದಲ್ಲಿ ಐದು ತಂಡ ಹಾರಬೇಕು ಅನ್ನುವುದನ್ನು ಹೇಳುವುದಿಲ್ಲ ಅಷ್ಟೇ.

ಮಾಲೀಕರಿಗೆ ಇದರಲ್ಲಿ ಏನು ಲಾಭ ಅಂತ ಕೇಳುವಿರಾ? ಆಟಗಾರರ ಸಂಬಳ ಲೆಕ್ಕ ಹಾಕುವುದು ಪ್ಲೇಆಫ್‌ಗೆ ಮುಂಚಿನ ಮಾಮೂಲಿ ಸೀಸನ್‌ಗೆ. ಪ್ಲೇಆಫ್‌ಗೆ ಸಂಬಳ ಇಲ್ಲ, ಒಂದು ಬೋನಸ್ ಗಂಟು ಇರುತ್ತದೆ. ಟಿಕೆಟ್ ಮಾತ್ರ ಮಾಮೂಲಿಗಿಂತ ದುಬಾರಿ. ಊರಲ್ಲಿ ಎರಡು ಪಂದ್ಯ ಆಡಿ ಸೋತುಬಿಟ್ಟರೂ ಗಲ್ಲಾಪೆಟ್ಟಿಗೆ ಗೆದ್ದಿರುತ್ತದೆ. ಎಂಟನೇ ಸ್ಥಾನದ ಮೇಲೆ ಮಾಲೀಕರಿಗೆ ಇರುವ ಭಕ್ತಿಯ ಗುಟ್ಟು ಇದು. ಒಂಬತ್ತನೇ ಸ್ಥಾನವೂ ಪರವಾಗಿಲ್ಲ, ಏಪ್ರಿಲ್‌ವರೆಗೆ ಜನ ಬರುತ್ತಾರೆ. ಸೋತರೆ ಭವಿಷ್ಯವನ್ನು ಮಾರಬಹುದು, ಗೆದ್ದರೆ ವರ್ತಮಾನವನ್ನು ಮಾರಬಹುದು. ಮಧ್ಯದಲ್ಲಿದ್ದರೆ ಎರಡನ್ನೂ ಒಂದೇ ಟಿಕೆಟ್‌ನಲ್ಲಿ ಮಾರಬಹುದು.

ಎಲ್ಲಕ್ಕಿಂತ ಚೆಂದದ ತಮಾಷೆ 2023ರದ್ದು. ಪಿಟ್ಸ್‌ಬರ್ಗ್ 16 ಸೀಸನ್‌ನಿಂದ ಪ್ಲೇಆಫ್ ತಪ್ಪಿಸಿರಲಿಲ್ಲ. ಕೊನೆಯ ವಾರ ತಳದಲ್ಲಿದ್ದ ಶಿಕಾಗೋ ತಂಡ ಬಂತು. ಶಿಕಾಗೋ ಆ ವರ್ಷ ಇದ್ದಬದ್ದವರನ್ನೆಲ್ಲ ಮಾರಿ ಸೋಲಲಿಕ್ಕೆಂದೇ ಕಟ್ಟಿದ ತಂಡ. ಗುರಿ ಕಾನರ್ ಬೆಡಾರ್ಡ್ ಎಂಬ ಹುಡುಗ. ಪಿಟ್ಸ್‌ಬರ್ಗ್‌ಗೆ ಗೆಲುವು ಬೇಕೇ ಬೇಕು, ಶಿಕಾಗೋಗೆ ಸೋಲು ಬೇಕೇ ಬೇಕು. ಇಬ್ಬರ ಆಸೆಯೂ ಒಂದೇ. ಇಂಥ ಪಂದ್ಯವನ್ನು ಶಿಕಾಗೋ 5-2ರಲ್ಲಿ ಗೆದ್ದುಬಿಟ್ಟಿತು! ಪಿಟ್ಸ್‌ಬರ್ಗ್ ಒಂದೇ ಪಾಯಿಂಟಿನಲ್ಲಿ ಹೊರಗೆ. ಶಿಕಾಗೋದವರು ಮೈಮರೆತು ಗೆದ್ದು ತಳದಿಂದ ಮೂರನೇ ಸ್ಥಾನಕ್ಕೆ ಏರಿ, ತಮ್ಮ ಲಾಟರಿ ಪಾಲನ್ನೇ ಕಡಿಮೆ ಮಾಡಿಕೊಂಡರು. ಆಮೇಲೆ ಲಾಟರಿ ಎತ್ತಿದರೆ ಗೆದ್ದಿದ್ದು ಶಿಕಾಗೋ. ಬೆಡಾರ್ಡ್ ಅಲ್ಲಿಗೇ ಹೋದ. ಐದು ವರ್ಷದ ಯೋಜನೆ ಬರೆಯುವವರು ಈ ಪುಟವನ್ನು ದಯವಿಟ್ಟು ಎರಡು ಸಲ ಓದಬೇಕು.

ಇದಕ್ಕೆ ಪರಿಹಾರ ಇಲ್ಲ ಅಂತಲ್ಲ. 2024ರಲ್ಲಿ ಆಟ ಶುರು ಮಾಡಿದ ಮಹಿಳೆಯರ ಲೀಗ್ ಪಿಡಬ್ಲ್ಯುಎಚ್ಎಲ್ ಒಂದು ಉಪಾಯ ಮಾಡಿದೆ. ಪ್ಲೇಆಫ್ ಆಸೆ ಅಧಿಕೃತವಾಗಿ ಮುಗಿದ ದಿನದಿಂದ ಎಷ್ಟು ಪಾಯಿಂಟ್ ಗಳಿಸುತ್ತೀರೋ ಅದರ ಮೇಲೆ ಡ್ರಾಫ್ಟ್ ಸರದಿ. ಬೇಗ ಹೊರಬಿದ್ದವರಿಗೆ ಪಂದ್ಯಗಳು ಜಾಸ್ತಿ ಉಳಿದಿರುತ್ತವೆ, ಆದರೆ ಗೆಲ್ಲಬೇಕು. ಅಭಿಮಾನಿಗಳು ತಮ್ಮ ತಂಡ ಗೆಲ್ಲಲಿ ಅಂತಲೇ ಕೂಗಬಹುದು. ಗಂಡಸರ ಲೀಗು ಇನ್ನೂ ಚೆಂಡಿನ ಮೆಷಿನ್ ತಿರುಗಿಸುತ್ತಿದೆ. ಇಷ್ಟು ಸುಲಭದ ಪರಿಹಾರ ತಂದರೆ ಟಿವಿಯ ಆ ಮೂವರು ಮಾಜಿ ಆಟಗಾರರು ಮಾರ್ಚ್ ತಿಂಗಳಿಡೀ ಏನು ಮಾತಾಡಬೇಕು?

ಹಾಗಾಗಿ ನಮ್ಮ ಒಂಬತ್ತನೇ ಸ್ಥಾನದ ಸಾಹೇಬರ ಕಥೆಗೆ ಬರೋಣ. ತಂಡದ ಹೆಸರು ಬೇಡ, ಯಾವುದನ್ನು ಹಾಕಿದರೂ ಒಪ್ಪುತ್ತದೆ. ಟ್ರೇಡ್ ಡೆಡ್‌ಲೈನ್ ದಿನ, ಅಂದರೆ ತಂಡಗಳು ಆಟಗಾರರನ್ನು ಅದಲುಬದಲು ಮಾಡಿಕೊಳ್ಳಲು ಕೊನೆಯ ದಿನ. ಮಧ್ಯಾಹ್ನ ಮೂರಕ್ಕೆ ಬಾಗಿಲು ಮುಚ್ಚುತ್ತದೆ. ಮಾರಬೇಕೋ ಕೊಳ್ಳಬೇಕೋ? ಮಾರಿದರೆ ಮಾಲೀಕರಿಗೆ ಸಿಟ್ಟು, ಕೊಂಡರೆ ಕೆಡವುವ ಪಕ್ಷಕ್ಕೆ ಸಿಟ್ಟು. ಬೆಳಿಗ್ಗೆಯಿಂದ ಸಭೆ ನಡೆಯಿತು. ಸ್ಯಾಲರಿ ಕ್ಯಾಪ್ (ತಂಡದ ಒಟ್ಟು ಸಂಬಳಕ್ಕೆ ಲೀಗ್ ಹಾಕಿದ ಮಿತಿ) ಲೆಕ್ಕ ಹಾಕಿದರು. ಮೂವತ್ತೈದು ದಾಟಿದ, ಯಾವ ಊರಿಗೂ ಕಳಿಸಬಾರದು ಅಂತ ಕರಾರು ಬರೆಸಿಕೊಂಡಿರುವ ನಾಯಕನನ್ನು ಒಮ್ಮೆ ಕೇಳಿ ನೋಡಿದರು. ಆತ ನಕ್ಕು ಸ್ಕೇಟ್ ಕಟ್ಟಿಕೊಂಡ.

ಮೂರಕ್ಕೆ ಐದು ನಿಮಿಷ ಇರುವಾಗ ನಿರ್ಧಾರ ಆಯಿತು. ತಂಡದ 33 ವರ್ಷದ ಡಿಫೆನ್ಸ್ ಆಟಗಾರನನ್ನು ಮಾರಿ ಒಂದು ನಾಲ್ಕನೇ ಸುತ್ತಿನ ಪಿಕ್ ತಗೊಂಡರು. ಇದು ಭವಿಷ್ಯಕ್ಕೆ. ಆ ನಾಲ್ಕನೇ ಸುತ್ತಿನ ಪಿಕ್ ಕೊಟ್ಟು ಬೇರೆ ತಂಡದಿಂದ 33 ವರ್ಷದ ಇನ್ನೊಬ್ಬ ಡಿಫೆನ್ಸ್ ಆಟಗಾರನನ್ನು ತಂದರು. ಇದು ಪ್ಲೇಆಫ್‌ಗೆ. ಎರಡೂ ಪಕ್ಷದವರು ಸಾಹೇಬರನ್ನು ಹೊಗಳಿದರು. ಆ ಇಬ್ಬರು ಆಟಗಾರರು ಸಂಜೆ ಏರ್‌ಪೋರ್ಟಿನಲ್ಲಿ ಎದುರಾದರಂತೆ. ಬರುವವನು ಹೋಗುವವನನ್ನು ಕೇಳಿದ: "ಈ ತಂಡ ಹೇಗಿದೆ?"

"ಪರವಾಗಿಲ್ಲ," ಅಂದನಂತೆ ಅವನು. "ನನ್ನ ಮನೆ ಬಾಡಿಗೆಗೆ ಇದೆ. ಜೂನ್‌ವರೆಗೆ ಬೇಕಾಗಲ್ಲ, ಏಪ್ರಿಲ್‌ವರೆಗೆ ಸಾಕು."